ಅರಿಶಿನ ಅರಿಶಿನವಾಗಿ, ಕುಂಕುಮ ಕುಂಕುಮವಾಗಿ: ಡಿಟಿಜಿ ಪ್ರಿಂಟಿಂಗ್‌ನಲ್ಲಿ ಸರಿಯಾದ ಬಣ್ಣ ಪಡೆಯುವ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಮುಗಿಯುತ್ತಾ ಬಂತೆಂದರೆ ನಮ್ಮ ಅಂಗಡಿಯಲ್ಲಿ ಹಳದಿ ಮತ್ತು ಮಜೆಂಟಾ (ಗುಲಾಬಿಗೆಂಪು) ಇಂಕ್ ಉಳಿದವಕ್ಕಿಂತ ಬೇಗ ಖಾಲಿಯಾಗುತ್ತದೆ. ನವೆಂಬರ್ 1ಕ್ಕೆ ಎಲ್ಲರಿಗೂ ಕನ್ನಡ ಬಾವುಟ ಎದೆ ಮೇಲೆ ಬೇಕು. ಡಿಟಿಜಿ (ಡೈರೆಕ್ಟ್ ಟು ಗಾರ್ಮೆಂಟ್, ಅಂದರೆ ಬಟ್ಟೆ ಮೇಲೆ ನೇರವಾಗಿ ಇಂಕ್ ಚಿಮ್ಮಿಸಿ ಪ್ರಿಂಟ್ ಮಾಡುವ) ಯಂತ್ರ ಇಟ್ಟ ಮೊದಲ ವರ್ಷ 40 ಕಪ್ಪು ಶರ್ಟ್‌ಗಳ ಆರ್ಡರ್ ಬಂದಿತ್ತು. ಮಾನಿಟರ್‌ನಲ್ಲಿ ಬಾವುಟ ಬೆಳಗುತ್ತಿತ್ತು. ಶರ್ಟ್ ಮೇಲೆ ಮಾತ್ರ ಹಳದಿಗೆ ಪಾಚಿ ಹಿಡಿದ ಹಾಗಿತ್ತು, ಕೆಂಪು ಹಳೇ ಇಟ್ಟಿಗೆಯಂತೆ ಕಾಣುತ್ತಿತ್ತು. ಎರಡು ರಾತ್ರಿ ಫೋಟೋಶಾಪ್ ಮುಂದೆ ಕೂತು ಹಳದಿ ಏರಿಸಿದೆ, ಇಳಿಸಿದೆ. ಬಣ್ಣ ಸರಿಹೋಗಲಿಲ್ಲ. ಫೈಲ್‌ನಲ್ಲಿ ತಪ್ಪೇ ಇರಲಿಲ್ಲ, ಪ್ರಿಂಟ್‌ಗೆ ಮುಂಚೆ ಬಟ್ಟೆಗೆ ಹೊಡೆಯುವ ಪ್ರೀಟ್ರೀಟ್ ದ್ರಾವಣ ಕಮ್ಮಿ ಬಿದ್ದಿತ್ತು ಅಂತ ಕೊನೆಗೆ ಗೊತ್ತಾಯಿತು. ದ್ರಾವಣ ಸರಿಯಾಗಿ ಹೊಡೆದು ಮೊದಲಿನ ಫೈಲನ್ನೇ ಮತ್ತೆ ಹಾಕಿದೆ. ಬಣ್ಣ ಬಂತು.

ಅಂದಿನಿಂದ ನಾನು ಇಟ್ಟುಕೊಂಡ ಕ್ರಮ ಇದು. ಮೊದಲು ಬಟ್ಟೆ, ಆಮೇಲೆ ದ್ರಾವಣ, ಯಂತ್ರ, ಬಿಳಿ ಇಂಕ್, ಶಾಖ. ಇವೆಲ್ಲ ಒಂದೇ ಸಮ ಇವೆ ಅಂತ ಖಾತ್ರಿಯಾದ ಮೇಲೆ ಮಾತ್ರ ಕಂಪ್ಯೂಟರ್. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ. ನಿಮಗೆ ಈಗಲೇ ಬಣ್ಣದ ಪ್ರೊಫೈಲ್ (ಹಂತ 7) ಬಗ್ಗೆ ಓದುವ ಆತುರ ಇರಬಹುದು. ದಯವಿಟ್ಟು ಮೊದಲಿನ ಹಂತಗಳನ್ನು ಹಾರಿಸಬೇಡಿ.

ಹಂತ 1: ಬಟ್ಟೆಯನ್ನು ಪರೀಕ್ಷಿಸಿ

ಡಿಟಿಜಿ ಇಂಕ್ ನೀರಿನಲ್ಲಿ ತೇಲುವ ಬಣ್ಣದ ಪುಡಿ, ಅಂದರೆ ಪಿಗ್ಮೆಂಟ್. ಅದು ಹತ್ತಿಗೆ ಚೆನ್ನಾಗಿ ಹಿಡಿಯುತ್ತದೆ, ಪಾಲಿಯೆಸ್ಟರ್‌ಗೆ ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ 100 ಶೇಕಡಾ ಕಾಟನ್, ಅದರಲ್ಲೂ ಕೋಂಬ್ಡ್ (ಬಾಚಿ ನುಣುಪು ಮಾಡಿದ) ನೂಲಿನ, ಬಯೋ ವಾಶ್ ಆದ, 180 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ) ಆಸುಪಾಸಿನ ಸಿಂಗಲ್ ಜೆರ್ಸಿ, ಅಂದರೆ ಮಾಮೂಲಿ ಟೀ ಶರ್ಟ್‌ನ ಹೆಣಿಗೆ ಬಟ್ಟೆ, ಒಳ್ಳೆಯದು. ನಮಗೆ ಬರುವ ಮಾಲು ಹೆಚ್ಚಾಗಿ ತಿರುಪ್ಪೂರಿನದು. ಬಯೋ ವಾಶ್ ಅಂದರೆ ಬಟ್ಟೆ ಮೇಲಿನ ಸಣ್ಣ ನಾರುಗಳನ್ನು ಎನ್‌ಜೈಮ್‌ನಿಂದ ತೆಗೆದಿರುತ್ತಾರೆ. ನಾರು ಎದ್ದು ನಿಂತಿದ್ದರೆ ಅದು ಇಂಕ್ ಪದರವನ್ನು ಸೀಳಿಕೊಂಡು ಮೇಲೆ ಬರುತ್ತದೆ. ಕಪ್ಪು ಶರ್ಟ್ ಆದರೆ ಆ ಸಾವಿರಾರು ಕಪ್ಪು ನಾರುಗಳು ಸೇರಿ ಬಣ್ಣವನ್ನು ಮಂಕು ಮಾಡುತ್ತವೆ.

ಇನ್ನೊಂದು ಕಳ್ಳ ಇದೆ: ಸಿಲಿಕೋನ್ ಸಾಫ್ಟ್‌ನರ್. ಬಟ್ಟೆ ಮೃದುವಾಗಲಿ ಅಂತ ಹಾಕಿರುತ್ತಾರೆ. ಅದು ನೀರನ್ನು ದೂರ ತಳ್ಳುತ್ತದೆ, ಜೊತೆಗೆ ನಮ್ಮ ಇಂಕನ್ನೂ. ಕಂಡುಹಿಡಿಯಲು ಶರ್ಟ್ ಮೇಲೆ ಒಂದು ಹನಿ ನೀರು ಬಿಡಿ. ಒಂದೆರಡು ಕ್ಷಣದಲ್ಲಿ ಹೀರಿಕೊಂಡರೆ ಸರಿ. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಗುಂಡಗೆ ಕೂತರೆ ಆ ಲಾಟ್ ಬೇಡ. ಹೊಸ ಬಂಡಲ್ ಬಿಚ್ಚಿದಾಗಲೆಲ್ಲ ಇದನ್ನು ಮಾಡಿ. ಅದೇ ಅಂಗಡಿ, ಅದೇ ಬ್ರ್ಯಾಂಡ್ ಆದರೂ ಲಾಟ್ ಬದಲಾದರೆ ಬಟ್ಟೆಯ ಗುಣ ಬದಲಾಗಬಹುದು.

ಹಂತ 2: ಪ್ರೀಟ್ರೀಟ್ ತೂಕ ಮಾಡಿ

ಬಣ್ಣದ ಸೋಲು-ಗೆಲುವು ಹೆಚ್ಚಾಗಿ ನಿರ್ಧಾರವಾಗುವುದು ಇಲ್ಲೇ. ಪ್ರೀಟ್ರೀಟ್ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಉಳಿದದ್ದು ಸುಲಭ. ಕಪ್ಪು ಬಟ್ಟೆಗೆ ಬಳಸುವ ದ್ರಾವಣದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂನಂಥ ಲವಣ ಇರುತ್ತದೆ. ಹಾಲಿಗೆ ನಿಂಬೆ ಹಿಂಡಿದರೆ ಒಡೆಯುತ್ತದೆ ಅಲ್ವಾ? ಹೆಚ್ಚುಕಮ್ಮಿ ಹಾಗೇ ಇದು. ಬಿಳಿ ಇಂಕ್ ಲವಣವನ್ನು ಮುಟ್ಟಿದ ಕೂಡಲೇ ಅದರಲ್ಲಿನ ಪುಡಿ ಒಟ್ಟುಗೂಡಿ ಗಟ್ಟಿಯಾಗಿ ಬಟ್ಟೆಯ ಮೇಲ್ಮೈಯಲ್ಲೇ ಕೂರುತ್ತದೆ. ದ್ರಾವಣ ಕಮ್ಮಿಯಾದರೆ ಬಿಳಿ ಒಳಗೆ ಇಳಿದುಹೋಗುತ್ತದೆ, ಕಪ್ಪು ಇಣುಕುತ್ತದೆ. ಜಾಸ್ತಿಯಾದರೆ ಶರ್ಟ್ ಮೇಲೆ ಚೌಕಾಕಾರದ ಹೊಳೆಯುವ ಕಲೆ ಉಳಿಯುತ್ತದೆ, ಬಟ್ಟೆ ಅಟ್ಟೆಯಂತಾಗುತ್ತದೆ, ತೊಳೆದಾಗ ಬಣ್ಣವೂ ಬೇಗ ಬಿರಿಯುತ್ತದೆ.

ಕಣ್ಣಂದಾಜು ಸಾಲದು. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು, 1 ಗ್ರಾಂ ನಿಖರತೆ ಇದ್ದರೆ ಆಯಿತು. ಒಣ ಶರ್ಟನ್ನು ಮಡಚಿ ತೂಕ ಮಾಡಿ, ಬರೆದಿಡಿ. ದ್ರಾವಣ ಹೊಡೆದ ತಕ್ಷಣ ಮತ್ತೆ ತೂಕ ಮಾಡಿ. ವ್ಯತ್ಯಾಸವೇ ನೀವು ಹಾಕಿದ ದ್ರಾವಣ. 14×16 ಇಂಚಿನ ಜಾಗಕ್ಕೆ ಕಪ್ಪು ಶರ್ಟ್‌ನಲ್ಲಿ ಸಾಮಾನ್ಯವಾಗಿ 20ರಿಂದ 35 ಗ್ರಾಂ ನಡುವೆ ಬೇಕಾಗುತ್ತದೆ. ನಿಖರ ಅಂಕಿ ನಿಮ್ಮ ಇಂಕ್ ಮತ್ತು ದ್ರಾವಣದ ಕಂಪನಿಯ ಹಾಳೆಯಲ್ಲಿರುತ್ತದೆ. ಡಿಸೈನ್ ಚಿಕ್ಕದಾದರೆ ಜಾಗಕ್ಕೆ ತಕ್ಕಂತೆ ಲೆಕ್ಕ ಹಾಕಿ. 14×16 ಅಂದರೆ 224 ಚದರ ಇಂಚು. ಅದಕ್ಕೆ 25 ಗ್ರಾಂ ಹಾಕುತ್ತೀರಿ ಅಂದುಕೊಂಡರೆ, 10×12 ಇಂಚಿಗೆ ಸುಮಾರು 13 ಗ್ರಾಂ.

ನಿಮ್ಮ ಬಟ್ಟೆಗೆ ಸರಿಯಾದ ತೂಕ ಯಾವುದು ಅಂತ ತಿಳಿಯಲು ಒಂದು ದಿನ ಮೀಸಲಿಡಿ. ಒಂದೇ ಲಾಟ್‌ನ ನಾಲ್ಕು ಶರ್ಟ್ ತೆಗೆದುಕೊಂಡು 20, 25, 30, 35 ಗ್ರಾಂ ಹೊಡೆಯಿರಿ. ನಾಲ್ಕರ ಮೇಲೂ ಬರೀ ಬಿಳಿ ಚೌಕ ಪ್ರಿಂಟ್ ಮಾಡಿ, ಒಣಗಿಸಿ, ಪಕ್ಕಪಕ್ಕ ಇಡಿ. ಬಿಳಿ ಗಟ್ಟಿಯಾಗಿ ಕಾಣುವ ಶರ್ಟ್‌ಗಳಲ್ಲಿ ಎಲ್ಲಕ್ಕಿಂತ ಕಮ್ಮಿ ದ್ರಾವಣ ಬಿದ್ದದ್ದು ಯಾವುದೋ ಅದೇ ನಿಮ್ಮ ಅಂಕಿ. ಮುಂದಿನ ಎಲ್ಲ ಹಂತಕ್ಕೂ ಅದನ್ನು ಬದಲಿಸಬೇಡಿ.

ದ್ರಾವಣ ಹೊಡೆದ ಮೇಲೆ ಹೀಟ್ ಪ್ರೆಸ್‌ನಲ್ಲಿ ಸಿಲಿಕೋನ್ ಪೇಪರ್ ಹಾಕಿ 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒತ್ತಿ. ನೀರು ಹೋಗುತ್ತದೆ, ನಾರು ಮಲಗುತ್ತದೆ. ಎತ್ತಿದಾಗ ಇನ್ನೂ ಹಬೆ ಬರುತ್ತಿದ್ದರೆ ಒಣಗಿಲ್ಲ ಅಂತ ಅರ್ಥ, ಮತ್ತೆ ಒತ್ತಿ. ಹಸಿ ಉಳಿದ ಜಾಗದಲ್ಲಿ ಇಂಕ್ ಹರಡುತ್ತದೆ, ಅಲ್ಲಿ ಬಣ್ಣ ಮೋಡ ಮೋಡವಾಗಿ ಕಾಣುತ್ತದೆ.

ಬಿಳಿ ಶರ್ಟ್‌ಗೆ ಕಪ್ಪು ಶರ್ಟಿನ ದ್ರಾವಣ ಹೊಡೆಯಬೇಡಿ, ಹಳದಿ ಕಲೆ ಕೂರಬಹುದು. ತಿಳಿ ಬಟ್ಟೆಗೆಂದೇ ಬೇರೆ ದ್ರಾವಣ ಸಿಗುತ್ತದೆ. ಅದನ್ನು ಬಳಸಿದರೆ ಬಣ್ಣ ಸ್ವಲ್ಪ ಗಾಢವಾಗಿ ಬರುತ್ತದೆ.

ಹಂತ 3: ಯಂತ್ರ ಮತ್ತು ಕೋಣೆ

ದಿನಾ ಬೆಳಿಗ್ಗೆ ನಾಜಲ್, ಅಂದರೆ ಇಂಕ್ ಹನಿ ಚಿಮ್ಮುವ ಸಣ್ಣ ತೂತುಗಳನ್ನು, ಚೆಕ್ ಮಾಡಿ. ಸಯಾನ್‌ನ (ಹಸಿರು ಛಾಯೆಯ ನೀಲಿ ಇಂಕ್‌ನ) ಒಂದಷ್ಟು ನಾಜಲ್ ಕಟ್ಟಿದ್ದರೆ ಬೂದು ಬಣ್ಣ ಕೆಂಪಗಾಗುತ್ತದೆ. ಅದನ್ನು ಫೈಲ್‌ನಲ್ಲಿ ಸರಿ ಮಾಡಲು ಹೋದರೆ ನಾಜಲ್ ತೆರೆದ ದಿನ ಮತ್ತೆ ಕೆಡುತ್ತದೆ.

ಬಿಳಿ ಇಂಕ್‌ನಲ್ಲಿರುವುದು ಟೈಟೇನಿಯಂ ಡೈಆಕ್ಸೈಡ್, ಭಾರದ ಪುಡಿ. ಸುಮ್ನೆ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಮೇಲಿನ ಇಂಕ್ ನೀರಾಗುತ್ತದೆ, ಬೆಳಗಿನ ಮೊದಲ ಶರ್ಟ್ ತೆಳುವಾಗಿ ಬರುತ್ತದೆ. ಕಂಪನಿ ಹೇಳಿದಷ್ಟು ಸಲ ಅಲ್ಲಾಡಿಸಿ. ರಭಸವಾಗಿ ಕುಲುಕಬೇಡಿ, ಗಾಳಿಗುಳ್ಳೆ ಸೇರಿ ನಾಜಲ್ ಕಟ್ಟುತ್ತದೆ.

ನಾಜಲ್‌ಗಳಿರುವ ಹೆಡ್ ಮತ್ತು ಬಟ್ಟೆಯ ನಡುವಿನ ಅಂತರ ಜಾಸ್ತಿಯಾದರೆ ಹನಿ ಚೆದುರುತ್ತದೆ, ಬಣ್ಣ ತಿಳಿಯಾಗುತ್ತದೆ. ಬಟ್ಟೆಗೆ ತಾಗದ ಹಾಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಇಡಿ.

ಗಾಳಿಯ ತೇವವೂ ಮುಖ್ಯ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನದ ಗಾಳಿ ಒಣಗಿರುತ್ತದೆ, ಕಲಬುರಗಿ, ರಾಯಚೂರಿನಲ್ಲಿ ಇನ್ನೂ ಒಣ. ನಾಜಲ್ ತುದಿಯಲ್ಲೇ ಇಂಕ್ ಒಣಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತಾಪತ್ರಯ ಉಲ್ಟಾ, ಶರ್ಟ್ ತೇವ ಹೀರಿಕೊಂಡಿರುತ್ತದೆ. ಒಂದು ತೇವಮಾಪಕ ಗೋಡೆಗೆ ಹಾಕಿ. ನಾನು 50 ಶೇಕಡಾ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಹಂತ 4: ಬಿಳಿ ತಳ

ಕಾಗದ ಬೆಳ್ಳಗಿರುತ್ತದೆ, ಅದಕ್ಕೇ ಕಾಗದದ ಮೇಲೆ ಬಣ್ಣ ಹೊಳೆಯುತ್ತದೆ. ಕಪ್ಪು ಶರ್ಟ್‌ಗೆ ಆ ಕಾಗದವನ್ನು ನಾವೇ ಮಾಡಿಕೊಡಬೇಕು. ಅದೇ ಬಿಳಿ ತಳ. ಅದು ತೆಳುವಾದರೆ ಎಲ್ಲ ಬಣ್ಣವೂ ಕಪ್ಪಿನ ಕಡೆ ಜಾರುತ್ತದೆ. ಮೊದಲು ಕೆಡುವುದು ಹಳದಿ. ಹಳದಿಗೆ ಕಪ್ಪು ಸೇರಿದರೆ ಕಣ್ಣಿಗೆ ಕಾಣುವುದು ಹಸಿರು. ನನ್ನ ಬಾವುಟಕ್ಕೆ ಆಗಿದ್ದೂ ಇದೇ. ಹಾಗಾಗಿ ಕಪ್ಪು ಶರ್ಟ್ ಮೇಲೆ ಹಳದಿ ಹಸಿರಾಗಿ ಕಂಡರೆ ಮೊದಲು ಬಿಳಿಯನ್ನು ಅನುಮಾನಿಸಿ.

ಹಾಗಂತ ಬಿಳಿ ಸುರಿಯುವುದೂ ತಪ್ಪು. ತೀರಾ ಹಸಿ ಬಿಳಿಯ ಮೇಲೆ ಬಣ್ಣ ಬಿದ್ದರೆ ಎರಡೂ ಕಲೆತು ಬಣ್ಣ ಪೇಲವವಾಗುತ್ತದೆ, ಅಂಚು ಹರಡುತ್ತದೆ. ರಿಪ್ ಸಾಫ್ಟ್‌ವೇರ್‌ನಲ್ಲಿ (ಫೈಲನ್ನು ಯಂತ್ರಕ್ಕೆ ಬೇಕಾದ ಇಂಕ್ ಹನಿಗಳಾಗಿ ಬದಲಿಸುವ ತಂತ್ರಾಂಶ) ಬಿಳಿಯ ಪ್ರಮಾಣವನ್ನು ಹಂತ ಹಂತವಾಗಿ ಏರಿಸಿ ಚಿಕ್ಕ ಪಟ್ಟಿಗಳನ್ನು ಪ್ರಿಂಟ್ ಮಾಡಿ. ಪ್ರತಿ ಪಟ್ಟಿಯ ಮೇಲೂ ಅರ್ಧಕ್ಕೆ ಹಳದಿ ಹಾಕಿ. ಒಂದು ಮಟ್ಟದ ನಂತರ ಬಿಳಿ ಏರಿಸಿದರೂ ಹಳದಿ ಇನ್ನಷ್ಟು ಬೆಳಗುವುದಿಲ್ಲ. ಅಲ್ಲಿಗೆ ನಿಲ್ಲಿಸಿ. ಬಿಳಿ ಮತ್ತು ಬಣ್ಣದ ನಡುವೆ ಕೆಲವು ಕ್ಷಣ ಬಿಡುವು ಕೊಡುವ ಆಯ್ಕೆ ಇದ್ದರೆ ಅದನ್ನೂ ಬಳಸಿ ನೋಡಿ.

ಬಿಳಿ ತಳವನ್ನು ಬಣ್ಣಕ್ಕಿಂತ 2-3 ಪಿಕ್ಸೆಲ್ ಒಳಗೆ ಎಳೆದುಕೊಳ್ಳಿ, ರಿಪ್‌ನಲ್ಲಿ ಇದಕ್ಕೆ ಚೋಕ್ ಅನ್ನುತ್ತಾರೆ. ಇಲ್ಲದಿದ್ದರೆ ಅಕ್ಷರದ ಸುತ್ತ ಬಿಳಿ ಅಂಚು ಇಣುಕುತ್ತದೆ. ಕನ್ನಡ ಅಕ್ಷರಗಳಿಗೆ ಇಲ್ಲಿ ವಿಶೇಷ ಗಮನ ಬೇಕು. ಒತ್ತಕ್ಷರದ ಸಣ್ಣ ತಿರುವುಗಳಲ್ಲಿ ಚೋಕ್ ಜಾಸ್ತಿಯಾದರೆ ತಳವೇ ಮಾಯವಾಗಿ ಆ ಭಾಗ ಕಪ್ಪಾಗುತ್ತದೆ.

ಹಂತ 5: ಶಾಖ

ಹಸಿ ಪ್ರಿಂಟ್ ನೋಡಿ ಬಣ್ಣದ ತೀರ್ಮಾನ ಮಾಡಬೇಡಿ. ಕ್ಯೂರ್ ಆಗಿ, ಅಂದರೆ ಶಾಖಕ್ಕೆ ಇಂಕ್ ಗಟ್ಟಿಯಾಗಿ ಹಿಡಿದು, ಶರ್ಟ್ ತಣ್ಣಗಾದ ಮೇಲೇ ನಿಜವಾದ ಬಣ್ಣ. ಹೀಟ್ ಪ್ರೆಸ್‌ನಲ್ಲಿ ಸಾಮಾನ್ಯವಾಗಿ 160 ಡಿಗ್ರಿಗೆ 90 ಸೆಕೆಂಡ್ ಹತ್ತಿರ, ಕನ್ವೇಯರ್ ಡ್ರೈಯರ್‌ನಲ್ಲಿ ಕೆಲವು ನಿಮಿಷ. ಇಲ್ಲೂ ಇಂಕ್ ಕಂಪನಿಯ ಹಾಳೆಯೇ ಕೊನೆಯ ಮಾತು. ಶಾಖ ಮೀರಿದರೆ ಬಿಳಿ ಹಳದಿಯಾಗುತ್ತದೆ. ಪ್ರೆಸ್‌ನ ಡಿಸ್ಪ್ಲೇ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಶಾಖ ಅಳೆಯುವ ಪಟ್ಟಿ ಅಂಟಿಸಿ ನಡುಭಾಗ, ನಾಲ್ಕು ಮೂಲೆ ಅಳೆಯಿರಿ. ಹಳೇ ಪ್ರೆಸ್‌ಗಳಲ್ಲಿ ಮೂಲೆ ತಣ್ಣಗಿರುವುದು ಸಾಮಾನ್ಯ. ಒತ್ತಡವನ್ನೂ ಪ್ರತಿ ಸಲ ಒಂದೇ ರೀತಿ ಇಡಿ. ಜೋರಾಗಿ ಒತ್ತಿದರೆ ಮೇಲ್ಮೈ ನುಣುಪಾಗಿ ಅದೇ ಬಣ್ಣ ಬೇರೆ ಥರ ಕಾಣುತ್ತದೆ.

ಹಂತ 6: ಮಾನಿಟರ್ ಮತ್ತು ಫೈಲ್

ಈಗ ಕಂಪ್ಯೂಟರ್‌ಗೆ ಬನ್ನಿ. ಮಾನಿಟರನ್ನು ಕ್ಯಾಲಿಬ್ರೇಶನ್ ಸಾಧನದಿಂದ 6500 ಕೆಲ್ವಿನ್ (ಬಿಳಿಯ ಛಾಯೆ), ಗಾಮಾ 2.2 (ನಡು ಬಣ್ಣಗಳ ಹೊಳಪು), ಹೊಳಪು ಚದರ ಮೀಟರ್‌ಗೆ 100ರಿಂದ 120 ಕ್ಯಾಂಡೆಲಾ ಮಟ್ಟಕ್ಕೆ ತನ್ನಿ. ಹೊಸ ಮಾನಿಟರ್‌ಗಳು ಡಬ್ಬದಿಂದ ಬರುವಾಗ ತೀರಾ ಹೊಳಪಾಗಿರುತ್ತವೆ. "ಪ್ರಿಂಟ್ ಡಾರ್ಕ್ ಬರುತ್ತಿದೆ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಫೈಲ್ ಆರ್‌ಜಿಬಿಯಲ್ಲೇ (ಪರದೆಯ ಕೆಂಪು, ಹಸಿರು, ನೀಲಿ ಅಂಕಿಗಳಲ್ಲಿ, ಪ್ರತಿಯೊಂದೂ 0ಯಿಂದ 255) ಇರಲಿ. ಆಫ್‌ಸೆಟ್ ಪ್ರೆಸ್‌ನಿಂದ ಬಂದವರಿಗೆ ಎಲ್ಲವನ್ನೂ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಇಂಕ್‌ನ ಅಂಕಿ) ಮಾಡುವ ಅಭ್ಯಾಸ ಇರುತ್ತದೆ. ಡಿಟಿಜಿಯಲ್ಲಿ ಅದು ನಷ್ಟ. ಕಾಗದಕ್ಕೆಂದು ಮಾಡಿದ ಸಿಎಂವೈಕೆ ಪ್ರೊಫೈಲ್‌ಗೆ ಒಮ್ಮೆ ಬದಲಿಸಿದರೆ ಗಾಢ ಬಣ್ಣಗಳು ಅಲ್ಲೇ ಕತ್ತರಿಸಿ ಹೋಗುತ್ತವೆ, ಮತ್ತೆ ಆರ್‌ಜಿಬಿ ಮಾಡಿದರೂ ವಾಪಸ್ ಬರುವುದಿಲ್ಲ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಸ್‌ಆರ್‌ಜಿಬಿ ಬಣ್ಣವಲಯವನ್ನೇ ಹೆಚ್ಚಿನ ಡಿಟಿಜಿ ಸಾಫ್ಟ್‌ವೇರ್‌ಗಳು ನಿರೀಕ್ಷಿಸುತ್ತವೆ. ಕೋರೆಲ್‌ಡ್ರಾ ಬಳಸುವವರು ಹೊಸ ಡಾಕ್ಯುಮೆಂಟ್ ತೆರೆಯುವಾಗಲೇ ಆರ್‌ಜಿಬಿ ಆರಿಸಿಕೊಳ್ಳಿ. ಪ್ರಿಂಟ್ ಆಗುವ ನಿಜವಾದ ಅಳತೆಯಲ್ಲಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ), ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಮಾಡಿ. ಅಂಚಿನಲ್ಲಿ ಅರೆಪಾರದರ್ಶಕ ನೆರಳು, ಮಬ್ಬು ಇದ್ದರೆ ತೆಗೆಯಿರಿ. ಕಪ್ಪು ಶರ್ಟ್‌ನಲ್ಲಿ ಅವು ಬಿಳಿ ಹೊಗೆಯಂತೆ ಕಾಣುತ್ತವೆ.

ಗ್ರಾಹಕರು ಲೋಗೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಯೇ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಹಂತ 7: ಪ್ರೊಫೈಲ್

ಪ್ರೊಫೈಲ್ ಅಂದರೆ ಈ ಇಂಕ್, ಈ ಬಟ್ಟೆ, ಈ ಶಾಖ ಸೇರಿದಾಗ ಯಾವ ಅಂಕಿಗೆ ಯಾವ ಬಣ್ಣ ಬರುತ್ತದೆ ಎಂಬ ಪಟ್ಟಿ. ಮೂರರಲ್ಲಿ ಒಂದು ಬದಲಾದರೂ ಪಟ್ಟಿ ಸುಳ್ಳಾಗುತ್ತದೆ. ಅದಕ್ಕೇ ಮಧ್ಯದಲ್ಲಿ ಅಗ್ಗದ ಇಂಕ್‌ಗೆ ಬದಲಾಯಿಸಬೇಡಿ ಅನ್ನುವುದು.

ಕಂಪನಿ ಕೊಟ್ಟ ಪ್ರೊಫೈಲ್‌ನಿಂದ ಶುರು ಮಾಡಿ. ಹೆಚ್ಚಿನ ಅಂಗಡಿಗಳಿಗೆ ಅದು ಮತ್ತು ಮುಂದಿನ ಹಂತದ ಚಾರ್ಟ್ ಸಾಕು. ಬಣ್ಣ ಅಳೆಯುವ ಸಾಧನ, ಸ್ಪೆಕ್ಟ್ರೋಫೋಟೋಮೀಟರ್, ಇದ್ದರೆ ಸ್ವಂತ ಪ್ರೊಫೈಲ್ ಮಾಡಬಹುದು. ಮೊದಲು ಇಂಕ್ ಮಿತಿ (ಬಟ್ಟೆ ತಡೆಯುವಷ್ಟು ಇಂಕ್), ಆಮೇಲೆ ಲೀನಿಯರೈಸೇಶನ್ (ತಿಳಿಯಿಂದ ಗಾಢಕ್ಕೆ ಬಣ್ಣ ಸಮನಾಗಿ ಏರುವಂತೆ ಹೊಂದಿಸುವುದು), ಆಮೇಲೆ ಅಳೆಯಲು ಬಣ್ಣದ ಚೌಕಗಳ ಚಾರ್ಟ್. ಬಟ್ಟೆಯಲ್ಲಿ ಅಳೆಯುವಾಗ ಮೂರು ವಿಷಯ ನೆನಪಿಡಿ. ಕೆಳಗಿನ ಮೇಜಿನ ಬಣ್ಣ ತೂರಿ ಬರದಂತೆ ಅದೇ ಶರ್ಟ್‌ನ ಹಲವು ಪದರ ಹಾಸಿ. ಹೆಣಿಗೆಯ ಏರಿಳಿತದಿಂದ ಒಂದೇ ಚೌಕ ಬೇರೆ ಬೇರೆ ಅಂಕಿ ಕೊಡುತ್ತದೆ, ಆದ್ದರಿಂದ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಬಿಳಿ ಶರ್ಟ್‌ಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ, ಅದು ಅಲ್ಟ್ರಾವಯಲೆಟ್ ಬೆಳಕಿಗೆ ನೀಲಿಯಾಗಿ ಹೊಳೆದು ಸಾಧನವನ್ನು ದಾರಿ ತಪ್ಪಿಸುತ್ತದೆ. ಆ ಬೆಳಕನ್ನು ತಡೆಯುವ ಎಂ2 ವಿಧಾನದಲ್ಲಿ ಅಳೆಯಿರಿ.

ಬಿಳಿ ಶರ್ಟ್‌ಗೆ ಒಂದು ಪ್ರೊಫೈಲ್, ಬಿಳಿ ತಳ ಹಾಕುವ ಕಪ್ಪು ಶರ್ಟ್‌ಗೆ ಇನ್ನೊಂದು. ರೆಂಡರಿಂಗ್ ಇಂಟೆಂಟ್ (ಇಂಕ್‌ಗೆ ಸಿಗದ ಬಣ್ಣವನ್ನು ಹೇಗೆ ಹತ್ತಿರದ ಬಣ್ಣಕ್ಕೆ ತರಬೇಕು ಎಂಬ ಆಯ್ಕೆ) ವಿಷಯದಲ್ಲಿ, ಲೋಗೋ ಮತ್ತು ಬಾವುಟಕ್ಕೆ ರಿಲೇಟಿವ್ ಕಲರಿಮೆಟ್ರಿಕ್, ಫೋಟೋಗಳಿಗೆ ಪರ್ಸೆಪ್ಚುವಲ್ ಇಟ್ಟು ನೋಡಿ. ಬಣ್ಣದ ವ್ಯತ್ಯಾಸ ಅಳೆಯುವ ಡೆಲ್ಟಾ ಇ ಅಂಕಿ ಕಾಗದದಲ್ಲಿ 2ರೊಳಗೆ ಬರಲಿ ಅಂತ ಆಸೆಪಡಬಹುದು. ಹೆಣೆದ ನೂಲಿನ ಮೇಲೆ 3ರಿಂದ 5 ಬಂದರೆ ನನಗೆ ತೃಪ್ತಿ.

ಹಂತ 8: ನಿಮ್ಮದೇ ಬಣ್ಣದ ಚಾರ್ಟ್

ಒಂದೇ ಒಂದು ಹಂತ ಮಾಡಲು ಪುರುಸೊತ್ತು ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಪರದೆ ಬೆಳಕನ್ನು ಚೆಲ್ಲುತ್ತದೆ, ಬಟ್ಟೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು ಹೋಲಿಸುವುದು ಕಷ್ಟ. ಪ್ರಿಂಟನ್ನು ಪ್ರಿಂಟ್ ಜೊತೆ ಹೋಲಿಸಿ.

ಬಾವುಟದ ಅರಿಶಿನವನ್ನೇ ತೆಗೆದುಕೊಳ್ಳೋಣ. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ ಬಾವುಟದಲ್ಲಿ ಮೇಲೆ ಹಳದಿ, ಕೆಳಗೆ ಕೆಂಪು. ಎಷ್ಟೋ ಫೈಲ್‌ಗಳಲ್ಲಿ ಹಳದಿಗೆ ಕೆಂಪು 255, ಹಸಿರು 255, ನೀಲಿ 0 ಅಂತ ಇರುತ್ತದೆ. ಅದು ನಿಂಬೆಹಣ್ಣಿನ ಹಳದಿ. ಅರಿಶಿನದಲ್ಲಿ ಒಂದು ಬೆಚ್ಚಗಿನ ಛಾಯೆ ಇದೆ, ಅದಕ್ಕೆ ಹಸಿರಿನ ಅಂಕಿ ಇಳಿಯಬೇಕು. ನಾನು ಶುರು ಮಾಡುವುದು 255, 205, 0ರಿಂದ.

2 ಸೆಂಟಿಮೀಟರ್ ಚೌಕಗಳ 5×5 ಜಾಲ ಬಿಡಿಸಿ. ಎಡದಿಂದ ಬಲಕ್ಕೆ ಹಸಿರಿನ ಅಂಕಿ 185, 195, 205, 215, 225. ಮೇಲಿಂದ ಕೆಳಕ್ಕೆ ನೀಲಿಯ ಅಂಕಿ 0, 15, 30, 45, 60. ಪ್ರತಿ ಚೌಕದ ಕೆಳಗೆ ಸಣ್ಣದಾಗಿ ಅಂಕಿ ಬರೆಯಿರಿ. ಕುಂಕುಮಕ್ಕೆ ಇನ್ನೊಂದು ಜಾಲ: ಕೆಂಪು 185ರಿಂದ 225ರವರೆಗೆ, ನೀಲಿ 0ಯಿಂದ 60ರವರೆಗೆ, ಹಸಿರು 20ಕ್ಕೆ ಸ್ಥಿರ. ನೀಲಿ ಏರಿದಂತೆ ಕೆಂಪು ಗುಲಾಬಿ ಕಡೆಗೆ ಹೋಗುತ್ತದೆ, ಇಳಿದಂತೆ ಟೊಮೆಟೊ ಕಡೆಗೆ.

ಈ ಎರಡೂ ಜಾಲಗಳನ್ನು ಆರ್ಡರ್‌ನ ಶರ್ಟ್ ಮೇಲೇ, ಅದೇ ದ್ರಾವಣ, ಅದೇ ಬಿಳಿ, ಅದೇ ಶಾಖದಲ್ಲಿ ಪ್ರಿಂಟ್ ಮಾಡಿ. ತಣ್ಣಗಾದ ಮೇಲೆ ಒಂದು ಬಟ್ಟೆಯ ಬಾವುಟವನ್ನು ಪಕ್ಕದಲ್ಲಿ ಹಿಡಿಯಿರಿ. 50 ಚೌಕಗಳಲ್ಲಿ ನಿಮ್ಮ ಅರಿಶಿನ, ನಿಮ್ಮ ಕುಂಕುಮ ಕಣ್ಣಿಗೆ ತಾನಾಗಿ ಬೀಳುತ್ತವೆ. ಆ ಅಂಕಿಗಳನ್ನು ಫೈಲ್‌ಗೆ ಹಾಕಿ.

ಎಲ್ಲ ಬಣ್ಣವೂ ಹೀಗೆ ಸಿಗುವುದಿಲ್ಲ. ಪರದೆಯ ಶುದ್ಧ ನೀಲಿ, ಅಂದರೆ 0, 0, 255, ಸಯಾನ್ ಮತ್ತು ಮಜೆಂಟಾದಿಂದ ಮಾಡುವಾಗ ಬದನೆಕಾಯಿ ಬಣ್ಣದತ್ತ ವಾಲುತ್ತದೆ. ಅಲ್ಲಿ ಹಸಿರಿನ ಅಂಕಿ ಏರಿಸುತ್ತಾ ಹೋಗಿ, 0, 80, 200 ಹತ್ತಿರದಿಂದ ಚಾರ್ಟ್ ಮಾಡಿ. ಹೊಳೆಯುವ ಗಿಳಿ ಹಸಿರು, ನಿಯಾನ್ ಕಿತ್ತಳೆ ಮಾಮೂಲಿ ನಾಲ್ಕು ಇಂಕ್‌ನಲ್ಲಿ ಬರುವುದೇ ಇಲ್ಲ. ಇದನ್ನು ಆರ್ಡರ್ ತೆಗೆದುಕೊಳ್ಳುವ ಮುಂಚೆಯೇ ಗ್ರಾಹಕರಿಗೆ ಹೇಳಿಬಿಡಿ. ಆರ್ಡರ್ ಕೊಡುವ ಕಂಪನಿಗಳು ಪ್ಯಾಂಟೋನ್ (ಬಣ್ಣಗಳಿಗೆ ನಂಬರ್ ಕೊಡುವ ಪದ್ಧತಿ) ಸಂಖ್ಯೆ ಕೊಟ್ಟರೆ ಅದರ ಕೊನೆಯಲ್ಲಿ ಸಿ ಇದೆಯೋ ಟಿಸಿಎಕ್ಸ್ ಇದೆಯೋ ನೋಡಿ. ಮೊದಲನೆಯದು ಹೊಳಪು ಕಾಗದದ ಮೇಲಿನ ಬಣ್ಣ, ಎರಡನೆಯದು ಹತ್ತಿ ಬಟ್ಟೆಯದು. ಹೊಳಪು ಕಾಗದದ ಕೆಂಪನ್ನು ಹತ್ತಿಯ ಮೇಲೆ ಹಾಗೇ ತಂದುಕೊಡುತ್ತೇನೆ ಅಂತ ಮಾತು ಕೊಡಬೇಡಿ.

ಹಂತ 9: ಯಾವ ಬೆಳಕಿನಲ್ಲಿ ನೋಡಬೇಕು

ಟ್ಯೂಬ್‌ಲೈಟ್ ಕೆಳಗೆ ಹೊಂದಿದ ಎರಡು ಬಣ್ಣ ಬಿಸಿಲಿಗೆ ಹೋದಾಗ ಬೇರೆಯಾಗಬಹುದು. ಸೀರೆ ಅಂಗಡಿಯಲ್ಲಿ ಅಮ್ಮಂದಿರು ಸೀರೆಯನ್ನು ಬಾಗಿಲ ಹತ್ತಿರ ತಂದು ನೋಡುವುದು ಇದಕ್ಕೇ. ನೀವೂ ಹಾಗೇ ಮಾಡಿ. ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ, ನೇರ ಬಿಸಿಲು ಬೀಳದ, ಉತ್ತರಕ್ಕೆ ತೆರೆದ ಕಿಟಕಿ ಒಳ್ಳೆಯದು. ಗೋಡೆ ಬಿಳಿ ಅಥವಾ ಬೂದು ಇರಲಿ. ಗುಲಾಬಿ ಗೋಡೆಯ ಕೋಣೆಯಲ್ಲಿ ಎಲ್ಲ ಬಣ್ಣಕ್ಕೂ ಅದರ ಛಾಯೆ ಬೀಳುತ್ತದೆ. ರಫ್ತು ಮಾಡುವ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಲೈಟ್ ಬಾಕ್ಸ್ ಇರುತ್ತದೆ, ಅದರಲ್ಲಿ ಹಗಲಿನ ಡಿ65, ಅಂಗಡಿ ದೀಪದ ಟಿಎಲ್84 ಎರಡನ್ನೂ ಬದಲಿಸಿ ನೋಡುತ್ತಾರೆ. ದೊಡ್ಡ ಆರ್ಡರ್ ಮಾಡುವವರಿಗೆ ಅದು ದುಂದು ವೆಚ್ಚ ಅಲ್ಲ.

ಹಂತ 10: ತೊಳೆದು, ಒಪ್ಪಿಸಿ, ಬರೆದಿಡಿ

ಮಾದರಿ ಶರ್ಟನ್ನು ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ಒಣಗಿಸಿ, ಆಮೇಲೆ ತೋರಿಸಿ. ಮೊದಲ ಒಗೆತಕ್ಕೆ ಉಳಿದ ದ್ರಾವಣ ಹೋಗಿ ಬಣ್ಣ ಸ್ವಲ್ಪ ಬದಲಾಗುತ್ತದೆ. ಗ್ರಾಹಕರ ಜೊತೆ ಬಹುಕಾಲ ಇರುವುದು ಆ ಬಣ್ಣವೇ. ಒಪ್ಪಿಗೆಯನ್ನು ಫೋನ್ ಫೋಟೋ ಮೇಲೆ ತೆಗೆದುಕೊಳ್ಳಬೇಡಿ. ಒಬ್ಬರ ಫೋನ್‌ನಲ್ಲಿ ಕುಂಕುಮ, ಇನ್ನೊಬ್ಬರ ಫೋನ್‌ನಲ್ಲಿ ಕೇಸರಿ. ಶರ್ಟ್ ಕೈಗೆ ಕೊಟ್ಟು, ಕಿಟಕಿ ಹತ್ತಿರ ನಿಲ್ಲಿಸಿ ತೋರಿಸಿ. ಊರಾಚೆ ಇದ್ದರೆ ಕೊರಿಯರ್ ಮಾಡಿ.

ಒಂದು ನೋಟ್‌ಬುಕ್ ಇಡಿ. ತಾರೀಕು, ಶರ್ಟ್‌ನ ಲಾಟ್, ದ್ರಾವಣದ ಗ್ರಾಂ, ಬಿಳಿಯ ಪ್ರಮಾಣ, ಪ್ರೊಫೈಲ್‌ನ ಹೆಸರು, ಪ್ರೆಸ್‌ನ ಶಾಖ, ಸೆಕೆಂಡ್, ಕೋಣೆಯ ತೇವ, ಕೊನೆಗೆ ಒಪ್ಪಿದ ಬಣ್ಣದ ಅಂಕಿ. ಒಂದು ಆರ್ಡರ್‌ಗೆ ಒಂದು ಸಾಲು ಸಾಕು. ಒಪ್ಪಿಗೆಯಾದ ಶರ್ಟ್‌ನ ಜೊತೆಗೆ ಇನ್ನೊಂದು ಶರ್ಟ್ ಪ್ರಿಂಟ್ ಮಾಡಿ, ಆ ಸಾಲಿನ ಪ್ರತಿಯನ್ನು ಒಳಗೆ ಇಟ್ಟು, ಬೆಳಕು ತಾಗದ ಕಪ್ಪು ಕವರ್‌ನಲ್ಲಿ ಎತ್ತಿಡಿ. ಮುಂದಿನ ಅಕ್ಟೋಬರ್‌ನಲ್ಲಿ ಅದೇ ಆರ್ಡರ್ ಬಂದಾಗ ಮೊದಲು ಆ ಕವರ್ ಬಿಚ್ಚಿ. ಹೊಸ ಲಾಟ್‌ನ ಒಂದು ಶರ್ಟ್ ಮೇಲೆ ಅದೇ ಅಂಕಿಗಳಲ್ಲಿ ಪ್ರಿಂಟ್ ತೆಗೆದು, ಎರಡನ್ನೂ ಕಿಟಕಿ ಪಕ್ಕ ಹಿಡಿದು ನೋಡಿ. ಹೊಂದಿದರೆ ಉಳಿದ ಶರ್ಟ್‌ಗಳಿಗೆ ದ್ರಾವಣ ಹೊಡೆಯಲು ಶುರು ಮಾಡಬಹುದು. ಹೊಂದದಿದ್ದರೆ ಫೈಲ್ ತೆರೆಯುವ ಮುಂಚೆ ಒಂದು ಹನಿ ನೀರು ಬಿಟ್ಟು ನೋಡಿ.